ಬೆಳಗಿನ ಮಿಸ್ಸಿಂಗ್

ಡಿಸೆಂಬರ್ ಹಿಡಿದು ಒಂದು ವಾರವಾಗಿತ್ತು. ಗುಡ್ಡದ ಮೇಲಿನ ಪಾದ್ರಿಗಳ ಮಠದ ಗಂಟೆ ಬಾರಿಸುವ ಹೊತ್ತಿಗೆ ಬಿಕರ್ನಕಟ್ಟೆಯ ಉರ್ಸುಲಾಬಾಯಿಯ ಮನೆಯಲ್ಲಿ ಎರಡು ಒಲೆಗಳು ಉರಿಯುತ್ತಿದ್ದವು. ಒಂದರ ಮೇಲೆ ಗಂಜಿ ಕುದಿಯುತ್ತಿತ್ತು. ಇನ್ನೊಂದರ ಬದಿಗೆ ಸೊಸೆ ಕ್ರಿಸ್ಟಿನ್ ತೆಂಗಿನೆಣ್ಣೆಯ ಡಬ್ಬವನ್ನು ಇಟ್ಟು, ರಾತ್ರಿಯ ಚಳಿಗೆ ಗಟ್ಟಿಯಾದ ಎಣ್ಣೆ ಕರಗುವುದನ್ನು ಕಾಯುತ್ತಿದ್ದಳು. ಕರಗಿದ ಮೇಲೆ ಬಾಣಲೆಗೆ ಸುರಿದು ಬಾಳೆಕಾಯಿ ಚಿಪ್ಸ್ ಕರಿಯಬೇಕು. ಹಂಪನಕಟ್ಟೆಯ ಮೂರು ಅಂಗಡಿಗಳಿಗೆ ಈ ಮನೆಯ ಚಿಪ್ಸೇ ಆಗಬೇಕು. ಕ್ರಿಸ್ಮಸ್ ಹತ್ತಿರ ಬಂದದ್ದರಿಂದ ಈಗ ದಿನಕ್ಕೆ ಎರಡು ಪಾಲು ಬೇಕು.

ಹಿತ್ತಿಲ ಜಗಲಿಯಲ್ಲಿ ರತ್ನಾವತಿ ಬಾಳೆಕಾಯಿಯ ಸಿಪ್ಪೆ ತೆಗೆಯುತ್ತಿದ್ದಳು. ಅವಳ ಗಂಡ ಸುಂದರ ಅಂಗಳದಲ್ಲಿ ಪಿಕಪ್ಪಿನ ಬಾನೆಟ್ ಎತ್ತಿ ನಿಂತಿದ್ದ. ಎಂಟು ವರ್ಷಗಳಿಂದ ಇಬ್ಬರೂ ಈ ಮನೆಯಲ್ಲೇ ಕೆಲಸಕ್ಕಿದ್ದರು.

"ಹಾಕು ಸೆಲ್ಫ್," ಎಂದ ಉರ್ಸುಲಾಬಾಯಿಯ ಮಗ ಆಂಬ್ರೋಸ್.

ಸುಂದರ ಹತ್ತಿ ಸೆಲ್ಫ್ ಹಾಕಿದ. ಇಂಜಿನ್ ಎದ್ದಿತು. ಎದ್ದದ್ದೇ ನಡುಗಲು ಸುರುಮಾಡಿತು. ನಾಲ್ಕು ಹೆಜ್ಜೆ ಸರಿಯಾಗಿ ಇಟ್ಟು ಐದನೆಯದಕ್ಕೆ ಎಡವುವವರ ಹಾಗೆ ಅದರ ಶಬ್ದ. ಬಾಗಿಲು ಗಡಗಡ ಎನ್ನುತ್ತಿತ್ತು. ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು. ಸುಂದರ ಪೆಡಲಿನಿಂದ ಕಾಲು ತೆಗೆದದ್ದೇ ಇಂಜಿನ್ ನಿಂತಿತು.

"ಕಾಲು ಯಾಕೆ ತೆಗ್ದದ್ದು?"

"ಎಷ್ಟು ಹೊತ್ತು ಒತ್ತಿ ಹಿಡಿಯುವುದು ಪೊರ್ಬುಲೆ? ಒಳ್ಳೆ ಇಂಜಿನ್ ತನ್ನಷ್ಟಕ್ಕೆ ಓಡ್ತಾ ಇರಬೇಕಲ್ಲ." ಕ್ರೈಸ್ತ ಧಣಿಗಳನ್ನು ಊರವರು ಪೊರ್ಬುಗಳು ಎಂದೇ ಕರೆಯುತ್ತಿದ್ದರು.

"ನೀನು ನನಗೆ ಹೇಳಿಕೊಡಬೇಡ ಮಾರಾಯ."

ಗಾಡಿ ಹಳೆಯದು. ಮೊದಲಿನ ಮಾಲಿಕ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ದ. ಕಿನ್ನಿಗೋಳಿ ಕಡೆಯ ಹಳ್ಳಿಗಳಿಂದ ಬಾಳೆಗೊನೆ ತಂದು ಮಾರ್ಕೆಟ್ಟಿಗೆ ಹಾಕುವುದು ಅದರ ಕೆಲಸ. ಹೊತ್ತು ಮೂಡುವ ಮೊದಲು ಹೊರಟರೆ ಮಾತ್ರ ಒಳ್ಳೆಯ ಗೊನೆ ಸಿಗುತ್ತದೆ. ಅಷ್ಟು ಬೇಗ ಪೆಟ್ರೋಲ್ ಬಂಕು ತೆರೆಯದ ಕಾರಣ ಮನೆಯ ಕೊಟ್ಟಿಗೆಯಲ್ಲಿ ಒಂದು ಡ್ರಮ್ ಡೀಸೆಲ್ ಯಾವಾಗಲೂ ಇರುತ್ತಿತ್ತು.

ಆ ಡ್ರಮ್ಮಿನ ವಿಷಯದಲ್ಲಿ ಉರ್ಸುಲಾಬಾಯಿಗೆ ಮಾತ್ರ ಗೊತ್ತಿದ್ದ ಒಂದು ಸಂಗತಿ ಇತ್ತು. ಮೂರು ನಾಲ್ಕು ಸಲ ಕರಿದು ಕಪ್ಪಾದ ಎಣ್ಣೆಯನ್ನು ಮೊದಲು ಒಬ್ಬ ಸಾಬೂನಿನವನು ಒಯ್ಯುತ್ತಿದ್ದ. ಆ ವರ್ಷ ಮಳೆಗಾಲದ ನಂತರ ಅವನು ಬರಲೇ ಇಲ್ಲ. ಎಣ್ಣೆಯನ್ನು ಚೆಲ್ಲುವುದು ಉರ್ಸುಲಾಬಾಯಿಯ ಕೈಯಿಂದ ಆಗುವ ಕೆಲಸವಲ್ಲ. ತೀರಿಹೋದ ಗಂಡ ಸೈಮನ್ ಅಕ್ಕಿ ಮಿಲ್ಲಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು; ಯುದ್ಧದ ಕಾಲದಲ್ಲಿ ಡೀಸೆಲ್ ಸಿಗದಾಗ ತೆಂಗಿನೆಣ್ಣೆ ಹಾಕಿ ಮಿಲ್ಲು ಓಡಿಸಿದ್ದನ್ನು ಅವನು ಸಾಯುವವರೆಗೂ ಹೇಳುತ್ತಿದ್ದ. ಹಾಗಾಗಿ ಅಕ್ಟೋಬರಿನಿಂದ ಉರ್ಸುಲಾಬಾಯಿ ಹಳೆಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ವಾರಕ್ಕೆ ಐದಾರು ಸೇರಿನಂತೆ ಡ್ರಮ್ಮಿಗೆ ಸುರಿಯುತ್ತಿದ್ದಳು. ಗಾಡಿ ತಕರಾರಿಲ್ಲದೆ ಓಡಿತು. ಮಗನಿಗೆ ಹೇಳಿದರೆ ಬೇಡವೆನ್ನುತ್ತಾನೆ, ವರ್ಷದ ಕೊನೆಗೆ ಉಳಿತಾಯ ತೋರಿಸಿ ಹೇಳೋಣವೆಂದು ಸುಮ್ಮನಿದ್ದಳು.

ಹತ್ತು ಗಂಟೆಗೆ ಮಾರ್ಕೆಟ್ಟಿನಲ್ಲಿ ಗೊನೆ ಇಳಿಸಿ ಆಂಬ್ರೋಸ್ ಗಾಡಿಯನ್ನು ಕಂಕನಾಡಿಯ ಉಮರಬ್ಬನ ಗರಾಜಿಗೆ ತಂದ. ಎಲ್ಲರೂ ಬ್ಯಾರಿಗಳು ಎಂದು ಕರೆಯುವ ಉಮರಬ್ಬನಿಗೆ ಅರವತ್ತು ಕಳೆದಿತ್ತು. ಬೀಡಿ ಪಕ್ಕಕ್ಕಿಟ್ಟು, ಬಂಪರಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತ.

"ಎಂತ ತೊಂದರೆ ಇದಕ್ಕೆ?"

"ಬೆಳಿಗ್ಗೆ ಮಿಸ್ಸಿಂಗ್ ಬ್ಯಾರಿಗಳೇ. ಕುಣೀತದೆ. ಕಾಲು ತೆಗೆದ್ರೆ ಆಫ್."

"ಈಗ ಹಾಡ್ತಾ ಉಂಟಲ್ಲ."

"ಅದೇ ಮಾರಾಯ್ರೆ. ನಿಮ್ಮ ಎದುರು ಬಂದ್ರೆ ಸಾಧು."

ಉಮರಬ್ಬ ಫಿಲ್ಟರ್ ಬಿಚ್ಚಿದ. ಒಳಗೆ ತೆಳು ಹಳದಿ ಡೀಸೆಲ್ ಬಿಟ್ಟರೆ ಏನೂ ಕಾಣಲಿಲ್ಲ. ತೊಳೆದು ಹಾಕಿ ಕಳಿಸಿದ. ಮರುದಿನ ಬೆಳಿಗ್ಗೆ ಮತ್ತೆ ಅದೇ ನಡುಕ. ಎರಡು ಸಲ ಹೀಗಾದ ಮೇಲೆ ಆಂಬ್ರೋಸ್ ಪೇಟೆಯ ಇನ್ನೊಂದು ಗರಾಜಿಗೆ ಹೋದ. ಅಲ್ಲಿನವರು ಇಂಜಿನಿನ ಡೀಸೆಲ್ ಪಂಪ್ ಹೋಗಿದೆ, ಕೊಯಮತ್ತೂರಿಗೆ ಕಳಿಸಬೇಕು, ತಿಂಗಳು ಹಿಡಿಯುತ್ತದೆ ಎಂದರು. ಡಿಸೆಂಬರಿನಲ್ಲಿ ತಿಂಗಳು ಗಾಡಿ ನಿಂತರೆ ಗೊನೆಯೂ ಇಲ್ಲ, ಚಿಪ್ಸೂ ಇಲ್ಲ. ಆಂಬ್ರೋಸನಿಗೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೊಟ್ಟಿಗೆಗೆ ಹೋಗಿ ಕೋಲು ಇಳಿಸಿ ಡ್ರಮ್ ಅಳೆದ. ಎಷ್ಟು ಓಡಿದೆ, ಎಷ್ಟು ಇರಬೇಕು ಎಂದು ಲೆಕ್ಕ ಹಾಕಿದ. ಇರಬೇಕಾದ್ದಕ್ಕಿಂತ ಆರು ಬೆರಳು ಹೆಚ್ಚಿತ್ತು.

ಕಡಿಮೆಯಿದ್ದರೆ ಕಳ್ಳತನ ಎಂದು ಯಾರಾದರೂ ಹೇಳುತ್ತಾರೆ. ಹೆಚ್ಚಿದ್ದದ್ದರಿಂದಲೇ ಆಂಬ್ರೋಸನಿಗೆ ಸಂಶಯ ಗಟ್ಟಿಯಾಯಿತು. ಯಾರೋ ಡೀಸೆಲ್ ತೆಗೆದು ಮಾರಿ, ಅಳತೆ ಸರಿ ಕಾಣಲೆಂದು ನೀರನ್ನೋ ಸೀಮೆಎಣ್ಣೆಯನ್ನೋ ತುಂಬಿಸಿದ್ದಾರೆ. ತುಂಬಿಸುವಾಗ ಅಂದಾಜು ತಪ್ಪಿ ಹೆಚ್ಚಾಗಿದೆ. ಕೊಟ್ಟಿಗೆಯ ಕೀಲಿ ಮನೆಯವರನ್ನು ಬಿಟ್ಟರೆ ಸುಂದರನ ಕೈಯಲ್ಲಿ ಮಾತ್ರ ಇತ್ತು.

ಮರುದಿನ ಗಾಡಿ ಎಬ್ಬಿಸುವುದರಲ್ಲೇ ತಡವಾಗಿ, ಬೆಳಿಗ್ಗೆ ಏಳು ಗಂಟೆಗೆ ಅದು ಬಿಕರ್ನಕಟ್ಟೆ ಜಂಕ್ಷನ್ನಿನಲ್ಲಿ ನಡುಗಿ ನಿಂತಿತು. ಬಸ್ಸಿಗೆ ಕಾಯುವವರು, ಹಾಲಿನವರು, ಚಾ ಅಂಗಡಿಯವರು, ಕಟ್ಟೆಯ ಮೇಲೆ ಕೂತವರು ಎಲ್ಲ ನೋಡುತ್ತಿದ್ದರು. ಹಿಂದಿನಿಂದ ಒಬ್ಬ, "ಪೊರ್ಬುಗಳ ಗಾಡಿಗೆ ಮಲೇರಿಯಾ," ಎಂದ. ಜನ ನಕ್ಕರು. ಆಂಬ್ರೋಸ್ ಇಳಿದು ಬಂದವನು ಬಾನೆಟ್ಟಿನ ಬಳಿ ನಿಂತಿದ್ದ ಸುಂದರನ ಮುಂದೆ ಕೈ ಚಾಚಿದ.

"ಕೀಲಿ ಕೊಡು."

"ಯಾಕೆ?"

"ಡೀಸೆಲ್ ಮಾರಿ ನೀರು ತುಂಬಿಸುವವನಿಗೆ ನನ್ನ ಕೊಟ್ಟಿಗೆಯ ಕೀಲಿ ಬೇಡ. ಕಳ್ಳ."

ಸುಂದರ ಸೊಂಟದಿಂದ ಕೀಲಿ ಬಿಚ್ಚಿ ಬಾನೆಟ್ಟಿನ ಮೇಲಿಟ್ಟು ತನ್ನ ಮನೆಯ ಕಡೆ ನಡೆದ.

ಆ ದಿನ ಮಧ್ಯಾಹ್ನ ರತ್ನಾವತಿ ಅರ್ಧ ಸಿಪ್ಪೆ ತೆಗೆದ ಗೊನೆಯನ್ನು ಬಿಟ್ಟು, ಕತ್ತಿಯನ್ನು ತೊಳೆದು ಗೋಡೆಗೆ ಒರಗಿಸಿ ಹೋದಳು. ಸಂಜೆ ಊಟಕ್ಕೆ ಕೂತಾಗ ಕ್ರಿಸ್ಟಿನಳ ಬೆರಳುಗಳೆಲ್ಲ ಬಾಳೆಕಾಯಿಯ ಸೊನೆಗೆ ಕಪ್ಪಾಗಿದ್ದವು. ಅದೇ ಕೈಯಿಂದ ಗಂಡನ ಬಟ್ಟಲಿಗೆ ಬಂಗುಡೆ ಸಾರು ಬಡಿಸಿದಳು.

"ಒಂದು ಬಾಯಿ ಮಾತಿಗೆ ಎರಡು ಜನ ಹೋದ್ರು," ಎಂದಳು.

"ಕಳ್ಳನನ್ನು ಇಟ್ಟುಕೊಳ್ಳಬೇಕಿತ್ತಾ?"

"ನೀವು ನೋಡಿದ್ದೀರಾ?"

"ನೋಡ್ಲಿಕ್ಕೆ ಎಂತ ಉಂಟು? ಡ್ರಮ್ಮಿನಲ್ಲಿ ಆರು ಬೆರಳು ಹೆಚ್ಚು ಉಂಟು. ಆಕಾಶದಿಂದ ಬಿತ್ತಾ?"

ಉರ್ಸುಲಾಬಾಯಿಯ ಕೈಯಲ್ಲಿದ್ದ ತುತ್ತು ಬಟ್ಟಲಿಗೆ ಮರಳಿತು. "ಹೆಚ್ಚಾ?" ಎಂದು ಕೇಳಿದಳು.

"ಹೌದಮ್ಮ. ನೀರು ತುಂಬಿಸಿದ್ದಾನೆ. ಅದಕ್ಕೇ ಮಿಸ್ಸಿಂಗ್."

"ನೀರಲ್ವಾ?"

"ನೀರೋ ಸೀಮೆಎಣ್ಣೆಯೋ."

ಅವಳು ಮೀನಿನ ಮುಳ್ಳು ಬಿಡಿಸುವವಳ ಹಾಗೆ ಬಹಳ ಹೊತ್ತು ಬಟ್ಟಲು ನೋಡುತ್ತಿದ್ದಳು. ಮರುದಿನದಿಂದ ಡ್ರಮ್ಮಿಗೆ ಎಣ್ಣೆ ಸುರಿಯುವುದನ್ನು ನಿಲ್ಲಿಸಿದಳು. ಒಂದು ದಿನ, ಎರಡು ದಿನ, ನಾಲ್ಕು ದಿನ ನೋಡಿದಳು. ಗಾಡಿಯ ನಡುಕ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಹಾಗಾದರೆ ತನ್ನ ಎಣ್ಣೆಯಿಂದ ಆದದ್ದಲ್ಲ, ಎಂದು ತೀರ್ಮಾನಿಸಿ ಐದನೆಯ ದಿನ ಸಮಾಧಾನದಿಂದ ಗಂಜಿ ಉಂಡಳು. ತಾನು ಹಿಂದೆ ಸುರಿದದ್ದು ಡ್ರಮ್ಮಿನಲ್ಲೂ ಟ್ಯಾಂಕಿನಲ್ಲೂ ಇನ್ನೂ ಇದೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಮನೆಯ ಕೆಲಸ ಹಳಿ ತಪ್ಪಿತು. ಕ್ರಿಸ್ಟಿನ್ ನಾಲ್ಕಕ್ಕೆ ಏಳತೊಡಗಿದಳು. ಸಿಪ್ಪೆ ತೆಗೆಯುವುದು, ಹೆರೆಯುವುದು, ಕರಿಯುವುದು ಎಲ್ಲ ಅತ್ತೆ ಸೊಸೆಯರ ಮೇಲೆ ಬಿತ್ತು. ಕ್ರಿಸ್ಮಸ್ಸಿನ ತಿಂಡಿ ಕುಸ್ವಾರಿಗೆಂದು ತಂದ ಮೈದಾ ಕಟ್ಟು ಬಿಚ್ಚದೆ ಉಳಿಯಿತು. ಆಂಬ್ರೋಸ್ ಒಬ್ಬನೇ ಗೊನೆ ಹೇರಿ, ಇಳಿಸಿ, ಮಧ್ಯಾಹ್ನ ಬರುವಾಗ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದ. ಸುಂದರ ಮಾರ್ಕೆಟ್ಟಿನಲ್ಲಿ ಮೂಟೆ ಹೊರಲು ಹೋಗುತ್ತಾನೆಂದು ಸುದ್ದಿ ಬಂತು. ಅವನಿಗೆ ಗಾಡಿ ಕೊಡಲು ಯಾರೂ ಒಪ್ಪಲಿಲ್ಲವಂತೆ, ಕೇಳಿದಲ್ಲೆಲ್ಲ, "ನೀನು ಡೀಸೆಲ್ ಕದಿಯುವವನಲ್ವಾ?" ಎನ್ನುತ್ತಿದ್ದರಂತೆ.

ಅದು ಕಿವಿಗೆ ಬಿದ್ದ ದಿನ ಕ್ರಿಸ್ಟಿನ್ ಅಂಗಡಿಗಳಿಗೆ ಚಿಪ್ಸ್ ಕೊಟ್ಟು, ಮನೆಗೆ ಬರುವ ಬಸ್ಸಿನಿಂದ ಕಂಕನಾಡಿಯಲ್ಲಿ ಇಳಿದಳು. ಗರಾಜಿನ ಎಣ್ಣೆ ನೆಲದಲ್ಲಿ ಸೀರೆಯ ಅಂಚು ಎತ್ತಿ ಹಿಡಿದು ನಿಂತು ಉಮರಬ್ಬನನ್ನು ಕರೆದಳು.

"ಬ್ಯಾರಿಗಳೇ, ನೀವೊಮ್ಮೆ ಬೆಳಿಗ್ಗೆ ಮನೆಗೆ ಬರಬೇಕು. ಅದು ನಿಮ್ಮಲ್ಲಿಗೆ ಬರುವಾಗ ಗುಣ ಆಗಿರ್ತದೆ. ಜ್ವರ ಇರುವಾಗ ನೋಡದೆ ಮದ್ದು ಕೊಡುವುದು ಹೇಗೆ?"

ಉಮರಬ್ಬ ಕೈಯ ಸ್ಪ್ಯಾನರನ್ನು ಕೆಳಗಿಟ್ಟ. "ಇದು ನನಗೆ ಹೊಳೀಬೇಕಿತ್ತು," ಎಂದ. "ನಲವತ್ತು ವರ್ಷ ಈ ಕೆಲಸ ಮಾಡಿದ್ದಕ್ಕೆ ನಾಚಿಕೆ ಆಗ್ತದೆ. ನಾಳೆ ಬರ್ತೇನೆ ಅಮ್ಮ. ಅಲ್ಲಿವರೆಗೆ ಗಾಡಿ ಮುಟ್ಟಬಾರದು ಅಂತ ಹೇಳಿ."

ಸುಬಹಿನ ನಮಾಜು ಮುಗಿಸಿ, ಕತ್ತಲು ಹರಿಯುವ ಮೊದಲೇ ಅವನು ಸೈಕಲಿನಲ್ಲಿ ಬಂದ. ಮಫ್ಲರ್ ಬಿಚ್ಚಲಿಲ್ಲ. ಚಾ ಬೇಡವೆಂದ. ಮೊದಲು ತಣ್ಣಗಿದ್ದ ಇಂಜಿನನ್ನು ಅಂಗೈಯಿಂದ ಸವರಿದ. ಆಮೇಲೆ ಸೆಲ್ಫ್ ಹಾಕಿಸಿದ. ಗಾಡಿ ನಡುಗಿತು, ಕೆಮ್ಮಿತು. "ಕಾಲು ಒತ್ತಿ ಹಿಡೀರಿ, ನಾನು ಹೇಳುವವರೆಗೆ ಬಿಡಬೇಡಿ," ಎಂದು ಸ್ಪ್ಯಾನರ್ ತೆಗೆದುಕೊಂಡ.

ನಾಲ್ಕು ಸಿಲಿಂಡರಿಗೆ ನಾಲ್ಕು ಸಣ್ಣ ಉಕ್ಕಿನ ಪೈಪುಗಳು. ಒಂದನೆಯದರ ನಟ್ಟನ್ನು ಅವನು ಸ್ವಲ್ಪ ಸಡಿಲಿಸಿದ. ಡೀಸೆಲ್ ಜಿನುಗಿತು, ಇಂಜಿನ್ ಇನ್ನಷ್ಟು ಕುಸಿಯಿತು. ಬಿಗಿದ. ಎರಡನೆಯದು, ಹಾಗೆಯೇ. ಮೂರನೆಯದನ್ನು ಸಡಿಲಿಸಿದಾಗ ಶಬ್ದದಲ್ಲಿ ವ್ಯತ್ಯಾಸವೇ ಆಗಲಿಲ್ಲ.

"ಸಿಕ್ಕಿತು!" ಎಂದು ಆಂಬ್ರೋಸ್ ಒಳಗಿನಿಂದ ಕೂಗಿದ. "ಮೂರನೆಯದು ಸತ್ತಿದೆ ಅಲ್ವಾ?"

"ಅವಸರ ಮಾಡಬೇಡಿ. ಇನ್ನೊಮ್ಮೆ ನೋಡುವ."

ಎರಡನೆಯ ಸುತ್ತಿಗೆ ಮೂರನೆಯದು ಕೆಲಸ ಮಾಡುತ್ತಿತ್ತು, ಒಂದನೆಯದು ಸತ್ತಿತ್ತು. ಮೂರನೆಯ ಸುತ್ತಿಗೆ ನಾಲ್ಕನೆಯದು. ಉಮರಬ್ಬ ಬೆನ್ನು ನೆಟ್ಟಗೆ ಮಾಡಿ ನಿಂತ. ಅವನ ಮುಖದಲ್ಲಿ ಸಣ್ಣ ನಗೆ ಕಂಡಿತು.

"ಡೀಸೆಲ್ ಚಿಮ್ಮುವ ನಾಜಲ್ ಹಾಳಾದ್ರೆ ಒಂದೇ ಸಿಲಿಂಡರ್ ಸಾಯ್ತದೆ, ಯಾವಾಗಲೂ ಅದೇ. ಇಲ್ಲಿ ಸರದಿ ಪ್ರಕಾರ ಸಾಯ್ತಾ ಉಂಟು. ನಾಲ್ಕು ಮಕ್ಕಳಿಗೆ ಮೂರು ಬಟ್ಟಲು ಗಂಜಿ ಇಟ್ಟ ಹಾಗೆ. ಇವತ್ತು ಇವ ಉಪವಾಸ, ನಾಳೆ ಅವ. ಮಕ್ಕಳಿಗೆ ರೋಗ ಇಲ್ಲ, ಪಂಪಿಗೂ ಇಲ್ಲ. ಅಡುಗೆಮನೆಯಿಂದ ಬರುವುದೇ ಕಡಿಮೆ. ಆಫ್ ಮಾಡಿ."

ಫಿಲ್ಟರ್ ಬಿಚ್ಚಿದ. ಹಗಲಲ್ಲಿ ತೆಳು ಹಳದಿ ಕಂಡಿದ್ದ ಅದೇ ಬಟ್ಟಲಿನ ತಳದಲ್ಲಿ, ಫಿಲ್ಟರಿನ ಬಟ್ಟೆಯ ಮಡಿಕೆಗಳ ಸುತ್ತ, ಬೆಣ್ಣೆಯಂಥ ಬಿಳಿ ಪದಾರ್ಥ ಗಟ್ಟಿಯಾಗಿ ಕೂತಿತ್ತು. ಉಮರಬ್ಬ ಬೆರಳ ತುದಿಯಿಂದ ಸ್ವಲ್ಪ ತೆಗೆದು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿದ. ಸ್ವಲ್ಪ ಹೊತ್ತಿಗೆ ಮುಷ್ಟಿ ತೆರೆದರೆ ಅಂಗೈ ತುಂಬ ಎಣ್ಣೆ ಹೊಳೆಯುತ್ತಿತ್ತು. ಮೂಗಿನ ಹತ್ತಿರ ತಂದ.

"ಪೊರ್ಬುಲೆ, ನಿಮ್ಮ ಟ್ಯಾಂಕಿನಲ್ಲಿ ಬಾಳೆಕಾಯಿ ಚಿಪ್ಸ್ ಕರಿದವರು ಯಾರು?"

ಆಂಬ್ರೋಸ್ ಮೂಸಿ ನೋಡಿದ. ಮುಖ ಕೆಂಪಾಯಿತು. "ಸುಂದರ! ನೀರಲ್ಲ, ಎಣ್ಣೆ ತುಂಬಿಸಿದ್ದಾನೆ ಕಳ್ಳ!"

"ಎಂತ ಮಾತಾಡ್ತೀರಿ? ತೆಂಗಿನೆಣ್ಣೆಗೆ ಡೀಸೆಲಿನ ನಾಲ್ಕೈದು ಪಾಲು ಕ್ರಯ ಉಂಟು. ತಾಮ್ರ ಕದ್ದು ಆ ಜಾಗಕ್ಕೆ ಬೆಳ್ಳಿ ಇಟ್ಟು ಹೋಗುವ ಕಳ್ಳ ಇದ್ರೆ ನನ್ನ ಗರಾಜಿಗೂ ಕಳಿಸಿ."

ಚಾದ ತಟ್ಟೆ ಹಿಡಿದು ಬಂದಿದ್ದ ಉರ್ಸುಲಾಬಾಯಿ ಅದನ್ನು ಬಾವಿಕಟ್ಟೆಯ ಮೇಲಿಟ್ಟಳು. "ಹಾಕಿದ್ದು ನಾನು," ಎಂದಳು.

"ಅಮ್ಮ, ನೀವು ಒಳಗೆ ಹೋಗಿ."

"ಹಾಕಿದ್ದು ನಾನು ಅಂತ ಹೇಳಿದೆ, ಆಂಬು. ಅಕ್ಟೋಬರಿನಿಂದ. ಕರಿದ ಎಣ್ಣೆ, ಸೋಸಿ ಹಾಕಿದ್ದು. ನಿನ್ನ ಅಪ್ಪ ಮಿಲ್ಲು ಓಡಿಸಿದ್ರು ಅದರಲ್ಲಿ."

ಉಮರಬ್ಬ ಅಂಗೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಮೆತ್ತಗೆ ಹೇಳಿದ: "ಸೈಮನ್ ಪೊರ್ಬುಗಳು ಸುಳ್ಳು ಹೇಳಿದವರಲ್ಲ ಬಾಯಮ್ಮ. ಓಡಿಸಿದ್ದು ಹೌದು. ಆದರೆ ಅವರು ಎಣ್ಣೆ ಕಾಯಿಸಿ ಹಾಕ್ತಿದ್ರು. ಇಲ್ಲಿ ಕಾಯಿಸುವವರು ಯಾರು? ಅಕ್ಟೋಬರಿನ ಸೆಕೆಗೆ ಅದು ಎಣ್ಣೆ, ಡಿಸೆಂಬರಿನ ಚಳಿಗೆ ಮೇಣದ ಬತ್ತಿ. ಬಿಸಿಲು ಏರಿದ ಮೇಲೆ ಪುನಃ ಎಣ್ಣೆ. ನಾನು ಹಗಲಲ್ಲಿ ನೋಡಿದೆ, ನನಗೂ ಕಾಣಲಿಲ್ಲ."

ಆ ದಿನವಿಡೀ ಅವನು ಅಲ್ಲೇ ಇದ್ದ. ಟ್ಯಾಂಕ್ ಇಳಿಸಿ, ಡ್ರಮ್ ಖಾಲಿ ಮಾಡಿ, ಪೈಪುಗಳನ್ನು ಬಿಸಿನೀರಿನಲ್ಲಿ ಅದ್ದಿ ಊದಿದ. ಹೊಸ ಡೀಸೆಲ್ ತುಂಬಿಸಿ ಗಾಳಿ ತೆಗೆದು ಸೆಲ್ಫ್ ಹಾಕಿದಾಗ ಇಂಜಿನ್ ಒಂದೇ ಲಯದಲ್ಲಿ ಓಡತೊಡಗಿತು. ಬೆವರಿದ ಕತ್ತನ್ನು ಒರೆಸುತ್ತ ಅವನು ಇಂಜಿನಿನ ಶಬ್ದವನ್ನು ಆಲಿಸುತ್ತಿದ್ದ ರೀತಿಯನ್ನು ನೋಡಿ ಕ್ರಿಸ್ಟಿನ್, ಯಾರೂ ಹೇಳದೆಯೇ ಮೊದಲ ಬಾಣಲೆಯ ಚಿಪ್ಸನ್ನು ಕಾಗದದಲ್ಲಿ ಕಟ್ಟಿ ಅವನ ಸೈಕಲಿಗೆ ಸಿಕ್ಕಿಸಿದಳು.

ಸಂಜೆ ಅಡುಗೆಮನೆಯಲ್ಲಿ ಆಂಬ್ರೋಸ್ ತಾಯಿಯ ಎದುರು ಮಣೆ ಎಳೆದು ಕೂತ.

"ಸುಂದರನಿಗೆ ಹೇಳಿ ಕಳಿಸ್ತೇನೆ ಅಮ್ಮ. ಬರ್ಲಿ. ಕ್ರಿಸ್ಮಸ್ಸಿಗೆ ಅವನಿಗೊಂದು ಶರ್ಟ್ ಪೀಸ್, ಅವಳಿಗೊಂದು ಸೀರೆ ಕೊಟ್ರಾಯ್ತು."

"ಶರ್ಟ್ ಪೀಸಿನಲ್ಲಿ ಸುತ್ತಿ ಹೇಳಿದ್ದಾ ನೀನು, ಕಳ್ಳ ಅಂತ?"

"ಮತ್ತೆ ಎಂತ ಮಾಡ್ಬೇಕು?"

"ಕಟ್ಟೆಯಲ್ಲಿ ಹೇಳಿದ ಮಾತನ್ನು ಅಡುಗೆಮನೆಯಲ್ಲಿ ವಾಪಸು ತಗೊಳ್ಳಲಿಕ್ಕೆ ಆಗುವುದಿಲ್ಲ. ಎಲ್ಲಿ ಬಿತ್ತೋ ಅಲ್ಲಿಂದಲೇ ಹೆಕ್ಕಬೇಕು."

"ಜನರ ಎದುರಾ? ನನ್ನ ಮರ್ಯಾದೆ?"

"ಅವನದ್ದು ಎಂತ ಬಾಳೆಕಾಯಿಯ ಸಿಪ್ಪೆಯಾ?" ಎಂದಳು ಒಲೆಯ ಬಳಿಯಿಂದ ಕ್ರಿಸ್ಟಿನ್.

"ನೀನು ಸುಮ್ಮನಿರು."

"ಅವಳು ಯಾಕೆ ಸುಮ್ಮನಿರಬೇಕು? ಬ್ಯಾರಿಗಳನ್ನು ಕರೆದದ್ದು ಅವಳು," ಎಂದಳು ಉರ್ಸುಲಾಬಾಯಿ. "ನೀನು ಹೇಳದಿದ್ರೆ ಬೇಡ. ಸುರಿದವಳು ನಾನು. ನಾಳೆ ನಾನು ಹೋಗ್ತೇನೆ."

"ಮಾಂಯ್, ನೀವು ರಸ್ತೆಯಲ್ಲಿ ನಿಂತು..." ಎಂದು ಕ್ರಿಸ್ಟಿನ್ ಅತ್ತೆಯನ್ನು ನೋಡಿದಳು. ಇಗರ್ಜಿಯಲ್ಲಿ ಪ್ರಾರ್ಥನೆ ಹೇಳುವುದು ಬಿಟ್ಟರೆ ನಾಲ್ಕು ಜನರ ನಡುವೆ ಅವಳ ಸ್ವರ ಕೇಳಿದವರಿರಲಿಲ್ಲ.

"ನನಗೆ ಬಾಯಿ ಉಂಟು," ಎಂದಳು ಉರ್ಸುಲಾಬಾಯಿ.

ಮರುದಿನ ಇಗರ್ಜಿಗೆ ಉಡುವ ಸೀರೆ ಉಟ್ಟು ಅವಳು ಗಾಡಿಯಲ್ಲಿ ಮಗನ ಪಕ್ಕ ಕೂತಳು. ಏಳು ಗಂಟೆಗೆ ಜಂಕ್ಷನ್ನಿನಲ್ಲಿ ಹಂಪನಕಟ್ಟೆಗೆ ಹೋಗುವ ಬಸ್ಸು ಇಂಜಿನ್ ಹಾಕಿಕೊಂಡು ನಿಂತಿತ್ತು. ಸುಂದರ ಹೆಗಲಿಗೆ ಗೋಣಿ ಹಾಕಿಕೊಂಡು ಬಸ್ಸಿನ ಬಾಗಿಲ ಹತ್ತಿರ ಇದ್ದ. ಉರ್ಸುಲಾಬಾಯಿ ಇಳಿದು ಕಟ್ಟೆಯ ಎದುರು ಹೋಗಿ ನಿಂತಳು. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಎಲ್ಲರಿಗೂ ತಿಳಿಯಲೆಂದು ತುಳುವಿನಲ್ಲಿ ಹೇಳಿದಳು:

"ನಮ್ಮ ಡೀಸೆಲಿಗೆ ಹಳೆ ಎಣ್ಣೆ ಹಾಕಿದ್ದು ನಾನು. ನನ್ನ ಕೈಯಾರೆ. ಸುಂದರ ಒಂದು ತೊಟ್ಟು ಮುಟ್ಟಿಲ್ಲ. ಆ ದಿನ ಇಲ್ಲಿ ಆ ಮಾತು ಕೇಳಿದವರೆಲ್ಲ ಇದನ್ನೂ ಕೇಳಬೇಕು."

ಚಾ ಅಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿದ. ಮಲೇರಿಯಾ ಎಂದು ನಗೆಯಾಡಿದವನು ತಲೆಯ ಮುಂಡಾಸು ಬಿಚ್ಚಿ ಮತ್ತೆ ಕಟ್ಟಿಕೊಂಡ. ಸುಂದರ ಅವಳ ಹತ್ತಿರ ಬಂದ.

"ಸಾಕು ಬಾಯಮ್ಮ. ನೀವು ನನಗೆ ಎಂತದೂ ಹೇಳಿದವರಲ್ಲ. ನಿಮ್ಮದು ಮುಗೀತು." ಪಿಕಪ್ಪಿನ ಕಡೆ ಕಣ್ಣೆತ್ತಿಯೂ ನೋಡದೆ ಅವನು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ.

ಉರ್ಸುಲಾಬಾಯಿ ವಾಪಸು ಬಂದು ಗಾಡಿಯ ಬಾಗಿಲು ಹಿಡಿದು ನಿಂತಳು. "ಬಸ್ಸು ಇನ್ನೂ ಹೊರಡಲಿಲ್ಲ ಆಂಬು," ಎಂದಳು.

ಆಂಬ್ರೋಸ್ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದ. ಆಮೇಲೆ ಇಳಿದ. ಬಸ್ಸಿನ ಕಿಟಕಿಯ ಕೆಳಗೆ ಹೋಗಿ ಏನೋ ಹೇಳಿದ.

"ಕೇಳುವುದಿಲ್ಲ ಪೊರ್ಬುಲೆ," ಎಂದ ಸುಂದರ. "ಇಂಜಿನಿನ ಶಬ್ದ."

ಬಸ್ಸಿನ ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡಿದ. ಕೈ ಚಾಚಿ ಇಂಜಿನ್ ಆಫ್ ಮಾಡಿದ. ಇಡೀ ಜಂಕ್ಷನ್ ಒಮ್ಮೆಲೇ ನಿಶ್ಶಬ್ದವಾಯಿತು. ಬಸ್ಸಿನೊಳಗೆ ಮೂವತ್ತು ಜನ, ಹೊರಗೆ ಅಷ್ಟೇ ಜನ ಕಾಯುತ್ತಿದ್ದರು.

"ಸುಂದರ ಕಳ್ಳ ಅಲ್ಲ," ಎಂದ ಆಂಬ್ರೋಸ್. ಸ್ವರ ಒಡೆದು ಬಂತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. "ಸುಂದರ ಕಳ್ಳ ಅಲ್ಲ. ನೋಡದೆ ಮಾಡದೆ ಹಾಗೆ ಹೇಳಿದ್ದು ನನ್ನ ತಪ್ಪು. ಕೆಲಸಕ್ಕೆ ಬಾ ಮಾರಾಯ."

ಸುಂದರ ಗೋಣಿಯನ್ನು ತೊಡೆಯ ಮೇಲೆ ಮಡಚಿದ.

"ಈ ವಾರ ಮಾರ್ಕೆಟ್ಟಿನವರಿಗೆ ಮಾತು ಕೊಟ್ಟಾಗಿದೆ. ಸೋಮವಾರ ಬರ್ತೇನೆ. ರತ್ನಾವತಿದು ನನಗೆ ಗೊತ್ತಿಲ್ಲ. ಈ ಹತ್ತು ದಿನ ನೀರಿಗೆ ಹೋದಲ್ಲಿ, ಅಂಗಡಿಗೆ ಹೋದಲ್ಲಿ ಜನರ ಮಾತು ಕೇಳಿದ್ದು ಅವಳು. ಅವಳನ್ನು ನೀವೇ ಕೇಳಬೇಕು."

ಡ್ರೈವರ್ ಇಂಜಿನ್ ಹಾಕಿದ. ಕಂಡಕ್ಟರ್ ಬಾಗಿಲು ತಟ್ಟಿದ. ಬಸ್ಸು ಹೋಯಿತು.

ಆಂಬ್ರೋಸ್ ಗಾಡಿಯನ್ನು ತಿರುಗಿಸಿ ರಸ್ತೆಗೆ ತಂದ. ಎರಡು ಮಾರು ಹೋದವನು ನಿಲ್ಲಿಸಿ, ಎದುರಿನ ಗಾಜನ್ನೇ ನೋಡುತ್ತ ಕೇಳಿದ:

"ಅಮ್ಮ, ಸುಂದರನ ಮನೆ ಯಾವ ಕಡೆ?"

ಉರ್ಸುಲಾಬಾಯಿ ಎಡಕ್ಕೆ, ಗದ್ದೆಯ ಕಡೆ ಇಳಿಯುವ ಸಣ್ಣ ದಾರಿಯನ್ನು ತೋರಿಸಿದಳು.

"ಗಾಡಿ ಹೋಗುವುದಿಲ್ಲ," ಎಂದಳು. "ಇಳಿದು ನಡೀಬೇಕು."